ಹೆಬ್ಬಟ್ಟಿನಷ್ಟು ಉದ್ದ

ಶಾಫ್ಟಿನ ಅಳತೆ ತೆಗೆಯುವಾಗ ಗಾಡಿಯ ಗಾಲಿಗಳು ನೆಲದ ಮೇಲೆಯೇ ಇರಬೇಕು. ಜ್ಯಾಕ್ ಹಚ್ಚಿ ಎತ್ತಿದರೆ ಹಿಂದಿನ ಗಾಲಿಗಳ ನಡುವಿನ ಹೌಸಿಂಗ್ ಜೋತು ಬೀಳುತ್ತದೆ, ಅಳತೆ ಸುಳ್ಳಾಗುತ್ತದೆ. ಬನಹಟ್ಟಿಯ ನನ್ನ ಗ್ಯಾರೇಜಿಗೆ ಬಂದು ನನಗೇ ಬುದ್ಧಿ ಹೇಳುವವರಿಗೆಲ್ಲ ಇದನ್ನು ಬೈದು ಹೇಳುತ್ತ ಬಂದಿದ್ದೇನೆ. ಹೀಗಾಗಿ ನಮ್ಮ ಮನೆಯ ಜೀಪಿನ ಶಾಫ್ಟ್ ಮುರಿದಾಗ, ಅಳತೆಯಲ್ಲಿ ತಪ್ಪಾದೀತು ಎಂಬ ಅನುಮಾನ ನನ್ನ ತಲೆಯಲ್ಲಿ ಸುಳಿಯಲೂ ಇಲ್ಲ.

ಶಾಫ್ಟ್ ಅಂದರೆ ಗಾಡಿಯ ಹೊಟ್ಟೆಯ ಕೆಳಗೆ ಇರುವ ಉದ್ದನೆಯ ಕೊಳವೆ. ಮುಂದಿನ ಗೇರ್ ಬಾಕ್ಸಿನ ತಿರುಗುವ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವುದು ಅದೇ. ನಮ್ಮ ಜೀಪು ಸಾವಳಗಿಯವರೊಬ್ಬರಿಂದ ತಂದ ಹಳೆಯ ಗಾಡಿ. ಯಾವನೋ ಅದಕ್ಕೆ ಬೇರೆ ಗಾಡಿಯ ಗೇರ್ ಬಾಕ್ಸ್ ಕೂಡಿಸಿದ್ದ. ಅಂಗಡಿಯಲ್ಲಿ ಸಿಗುವ ಯಾವ ಶಾಫ್ಟೂ ಅದಕ್ಕೆ ಹೊಂದುತ್ತಿರಲಿಲ್ಲ. ಮುರಿದದ್ದನ್ನು ನೋಡಿ ಅಳತೆ ಹಿಡಿಯೋಣವೆಂದರೆ ಅದು ಹಿಂಡಿದ ಒದ್ದೆ ಸೀರೆಯ ಹಾಗೆ ತಿರುಚಿಕೊಂಡಿತ್ತು. ಗಾಡಿಯನ್ನೇ ಅಳೆದು, ಆ ಅಳತೆಗೆ ಜಮಖಂಡಿಯ ಲೇತ್‌ನಲ್ಲಿ ಹೊಸದು ಮಾಡಿಸಬೇಕಾಯಿತು.

ಅಳತೆಗೆ ಇಬ್ಬರು ಬೇಕು. ಟೇಪಿನ ಒಂದು ತುದಿ ಹೌಸಿಂಗಿನ ಹತ್ತಿರ, ಇನ್ನೊಂದು ಗೇರ್ ಬಾಕ್ಸಿನ ಹತ್ತಿರ. ಅವತ್ತು ಕೆಲಸದವನು ತನ್ನ ಊರಿಗೆ ಹೋಗಿದ್ದ. ಎದುರಿನ ಬಟ್ಟೆ ಅಂಗಡಿಯ ಅಪ್ಪಾಸಾಬ ಚಹಾ ಕುಡಿಯಲು ಹೊರಟಿದ್ದನ್ನು ನೋಡಿ ಕೂಗಿದೆ. ಅವನಪ್ಪನ ಮಗ್ಗಕ್ಕೂ ನಮ್ಮಪ್ಪನ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಮಗ್ಗದ ಸಪ್ಪಳ ತಾಳದೆ ನಾನು ಗ್ಯಾರೇಜಿನ ಪಾನಾ ಹಿಡಿದೆ, ಅವನು ಕತ್ತರಿ ಹಿಡಿದ.

"ಲೇ ಅಪ್ಪಾಸಾಬ, ಬಾ ಇಲ್ಲಿ. ಟೇಪಿನ ತುದಿ ಹಿಡಿ."

"ಧೋತರ ಹೊಲಸ ಆಕ್ಕೈತೋ ಬಸಗೊಂಡಾ."

"ನಿನ್ನ ಧೋತರ ತೊಳದ ಕೊಡತೀನಿ. ಕೆಳಗ ತೂರು. ಹೌಸಿಂಗಿನ ಈ ಕಬ್ಬಿಣದ ಮುಖ ಐತಲ್ಲ, ಇದಕ್ಕ ಹಚ್ಚಿ ಹಿಡಿ. ಅಲಗಾಡಬ್ಯಾಡ."

"ಹಿಡದೇನಿ ನಡಿ. ಅಳತಿ ಮಾಡೂದನ್ನ ನನಗ ಕಲಸ್ತಿಯೇನ?"

ನಾನು ಮುಂದಿನ ತುದಿಯಲ್ಲಿ ಮಲಗಿ ಟೇಪು ಓದಿದೆ. ಶಾಫ್ಟಿನ ಮುಂದಿನ ತುದಿ ಗೇರ್ ಬಾಕ್ಸಿನಲ್ಲಿ ಹಿಂದೆ ಮುಂದೆ ಜಾರಬೇಕು. ಗಾಡಿಗೆ ಭಾರ ಬಿದ್ದಾಗ, ಹಂಪ್ ಬಂದಾಗ, ಹಿಂದಿನ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಕುಗ್ಗಿ ಹೌಸಿಂಗ್ ಸರಿಯುತ್ತದೆ. ಅದಕ್ಕಾಗಿ ಒಂದು ಹೆಬ್ಬಟ್ಟಿನಷ್ಟು ಓಡಾಡುವ ಜಾಗ ಬಿಡುತ್ತೇವೆ. ಅದನ್ನೂ ಲೆಕ್ಕ ಹಿಡಿದು ಲೇತ್‌ನವನಿಗೆ ಹೇಳಿದೆ. ಅವನು ಹೇಳಿದಷ್ಟೇ ಮಾಡಿಕೊಟ್ಟ. ಕೂಡಿಸುವಾಗ ತುಸು ಬಿಗಿ ಬಂತು. ಹೊಸದು, ಬಿಗಿ ಇರುತ್ತದೆ ಅಂದುಕೊಂಡೆ. ರಬಕವಿಯವರೆಗೆ ಒಬ್ಬನೇ ಓಡಿಸಿಕೊಂಡು ಬಂದೆ. ಒಂದು ಸಪ್ಪಳ ಇರಲಿಲ್ಲ.

ಮಗಳು ನಂದಾಳ ಕುಬಸಕ್ಕೆ ಬೀಳಗಿಗೆ ಹೋಗಲು ಆ ಜೀಪು ಬೇಕಾಗಿತ್ತು. ಅವಳದು ಚೊಚ್ಚಲ ಬಸಿರು. ಬೀಗರ ಮನೆಯಲ್ಲಿ ಕುಬಸ ಮಾಡಿ, ಉಂಡು, ಸಂಜೆಯೊಳಗೆ ಅವಳನ್ನು ಹೆರಿಗೆಗೆ ನಮ್ಮ ಮನೆಗೆ ಕರೆತರುವುದು. ಅದು ಹೆಂಗಸರ ಕೆಲಸ, ಗಂಡಸರಿಗೆ ಅಲ್ಲಿ ಜಾಗವಿಲ್ಲ. ಗಾಡಿ ಹೊಡೆಯಲು ಅಣ್ಣನ ಮಗ ವಿಜಯ ಮಾತ್ರ.

ಕುಬಸದ ದಿನ ಮುಂಜಾನೆ ಜೀಪು ತುಂಬಿದ್ದನ್ನು ನೋಡಿದರೆ ನನಗೆ ಸಿಟ್ಟು ಬಂತು. ಓಣಿಯ ಹೆಂಗಸರೆಲ್ಲ ಹತ್ತಿದ್ದರು. ಹೋಳಿಗೆಯ ಬುಟ್ಟಿ, ರೊಟ್ಟಿಯ ಗಂಟು, ಹೂವಿನ ಚೀಲ. ಹಿಂದಿನ ಪಾಟಾ ಸಪಾಟಾಗಿ ಕುಳಿತೇ ಬಿಟ್ಟಿತ್ತು. ವಿಜಯ ಜೋರಾಗಿ ಹಾಡು ಹಚ್ಚಿ ತಲೆ ಕುಣಿಸುತ್ತಿದ್ದ.

"ಲೇ ಮಂಗ್ಯಾ, ಅದನ್ನ ಬಂದ್ ಮಾಡು. ಹಂಪ್ ಬಂದಲ್ಲಿ ಗಾಡಿ ಹಾರಸ್ಕೋತ ಹೋದಿ ಅಂದ್ರ ಕಾಲ ಮುರದ ಕೈಯಾಗ ಕೊಡತೀನಿ," ಅಂದೆ. ಇನ್ನೂ ಏನೇನೋ ಅಂದೆ. ಅವನ ಲಗ್ನಕ್ಕೆ ಹೆಣ್ಣು ನೋಡುವವರು ಇಬ್ಬರು ಆ ಗಾಡಿಯಲ್ಲೇ ಇದ್ದರು, ಅದು ನನಗೆ ನೆನಪಾಗಲಿಲ್ಲ.

ವಿಜಯನ ಮುಖ ಕೆಂಪಾಯಿತು. ಮೊಬೈಲ್ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. "ಕಾಕಾ, ನಿನ್ನ ನಂಬರ ಬ್ಲಾಕ್ ಮಾಡಿದೆ ನೋಡು. ಇವತ್ತ ಒಂದಿನಾರ ಹೆಣ್ಮಕ್ಕಳು ನಗಕೋತ ಹೋಗಿ ನಗಕೋತ ಬರಲಿ."

ಹೆಂಗಸರೆಲ್ಲ ಹೋ ಎಂದು ನಕ್ಕರು. ನನ್ನ ಹೆಂಡತಿ ದಾನಮ್ಮನೂ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಜೀಪು ಹೋಯಿತು. ಓಣಿಯ ತಿರುವಿನಲ್ಲಿ ಎಲ್ಲೋ ಕೆಳಗಿನಿಂದ 'ಟಕ್' ಅಂದ ಹಾಗಾಯಿತು. ಬುಟ್ಟಿ ಸರಿದಿರಬೇಕು ಅಂದುಕೊಂಡೆ.

ಮಧ್ಯಾಹ್ನ ಊಟ ಮಾಡಿ ಅಪ್ಪಾಸಾಬನ ಅಂಗಡಿಗೆ ಹೋದೆ. ನಂದಾ ಬಂದ ಮೇಲೆ ಉಡಿ ತುಂಬಲು ಖಣ ತಂದಿಡಬೇಕೆಂದು ದಾನಮ್ಮ ಹೇಳಿಟ್ಟಿದ್ದಳು. ಅಪ್ಪಾಸಾಬ ಹಸಿರು ಖಣದ ಸುರುಳಿ ಬಿಚ್ಚಿ, ಕಬ್ಬಿಣದ ಮೀಟರ್ ಪಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟ. ಇಡುವಾಗ ಬಟ್ಟೆಯ ಅಂಚಿಗೆ ಮೊದಲು ತನ್ನ ಹೆಬ್ಬಟ್ಟು ಒತ್ತಿದ. ಹೆಬ್ಬಟ್ಟಿನ ಆಚೆಯಿಂದ ಅಳತೆ ಶುರು ಮಾಡಿದ. ಹೆಬ್ಬಟ್ಟಿನ ಕೆಳಗಿನ ಬಟ್ಟೆ ಲೆಕ್ಕಕ್ಕಿಲ್ಲ, ಅದು ಕೊಳ್ಳುವವರ ಪಾಲು. ನೀರು ಬಿದ್ದು ಬಟ್ಟೆ ಕುಗ್ಗಿದರೂ ಕಡಿಮೆ ಕೊಟ್ಟೆ ಅಂತ ಯಾರೂ ತಿರುಗಿ ಬರಬಾರದು. ನಮ್ಮ ಊರಲ್ಲಿ ನೇಯುವವರ ಮನೆಯಿಂದ ಬಂದ ವ್ಯಾಪಾರಿಗಳೆಲ್ಲ ಹೀಗೇ ಅಳೆಯುತ್ತಾರೆ. ನಮ್ಮಪ್ಪನೂ ಹೀಗೇ ಅಳೆಯುತ್ತಿದ್ದ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅವತ್ತು ನೋಡುತ್ತಿದ್ದ ಹಾಗೆ ಪಟ್ಟಿಯ ಮೇಲಿನ ಅವನ ಕೈ ಹಿಡಿದು ನಿಲ್ಲಿಸಿದೆ.

"ಅಪ್ಪಾಸಾಬ."

"ಹಾಂ?"

"ಅವತ್ತ ಜೀಪಿನ ಕೆಳಗ ಟೇಪು ಹಿಡದಿ ಅಲ್ಲ. ಹೆಂಗ ಹಿಡದಿದ್ದಿ?"

"ಹೆಂಗಂದ್ರ? ಕೈಲೆ ಹಿಡದಿದ್ದೆ."

"ಲೇ, ಚಾಷ್ಟಿ ಮಾಡಬ್ಯಾಡ. ತೋರಸು."

ಅವನು ಗಲ್ಲೆಪೆಟ್ಟಿಗೆಯ ಮೇಲಿದ್ದ ತನ್ನ ಟೇಪು ತೆಗೆದು, ಗಲ್ಲೆಯ ಅಂಚಿಗೆ ಹಿಡಿದು ತೋರಿಸಿದ. ಟೇಪಿನ ತುದಿ ಅಂಚಿನಿಂದ ಹೆಬ್ಬಟ್ಟಿನಷ್ಟು ಹೊರಗೆ ಚಾಚಿತ್ತು.

"ಹೆಬ್ಬಟ್ಟು ಬಿಟ್ಟ ಹಿಡದಿದ್ದಿಯೇನ?"

"ಬಿಡದ ಹೆಂಗ ಹಿಡೀಲಿ? ಕೈಗಿ ರೂಢಿ. ಕಮ್ಮಿ ಬೀಳಬಾರದಲ್ಲೋ, ನಿಂದ ಗಾಡಿ ಅಂತ ತುಸು ಹೆಚ್ಚ ಬಿಟ್ಟಿದ್ದೆ," ಅಂದ. ಉಪಕಾರ ಮಾಡಿದವನ ಹಾಗೆ ನಗುತ್ತಿದ್ದ.

ಬಟ್ಟೆ ಹೆಚ್ಚಾದರೆ ಮಡಚಿ ಹೊಲಿಯಬಹುದು. ಕಬ್ಬಿಣ ಮಡಚುವುದಿಲ್ಲ. ಶಾಫ್ಟ್ ಒಂದು ಹೆಬ್ಬಟ್ಟಿನಷ್ಟು ಉದ್ದವಾಗಿತ್ತು. ನಾನು ಓಡಾಡಲು ಬಿಟ್ಟ ಜಾಗವನ್ನೆಲ್ಲ ಅವನ ಹೆಬ್ಬಟ್ಟು ತಿಂದುಬಿಟ್ಟಿತ್ತು. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ತುಂಬಿದ ಗಾಡಿ ಹಂಪ್ ಮೇಲೆ ಬಿದ್ದಾಗಲೆಲ್ಲ ಶಾಫ್ಟ್ ಹೋಗಿ ಗೇರ್ ಬಾಕ್ಸಿನ ಬಾಲಕ್ಕೆ ಸುತ್ತಿಗೆಯ ಹಾಗೆ ಹೊಡೆಯುತ್ತದೆ. ಬಾಲ ಸೀಳುತ್ತದೆ, ಇಲ್ಲವೆ ಜೋಡಣೆಯ ಕ್ರಾಸ್ ಮುರಿಯುತ್ತದೆ. ಆಮೇಲೆ ಶಾಫ್ಟಿನ ಮುಂದಿನ ತುದಿ ರಸ್ತೆಗೆ ಬೀಳುತ್ತದೆ. ಓಡುವ ಗಾಡಿಯ ಹೊಟ್ಟೆಯಿಂದ ಒಂದು ಕಬ್ಬಿಣದ ಗೂಟ ನೆಲಕ್ಕೆ ನಾಟಿದರೆ ಏನಾಗುತ್ತದೆಂದು ನನಗೆ ಗೊತ್ತು. ಹಾಗೆ ಹಿಂದಿನಿಂದ ಎದ್ದು ಮಗುಚಿದ ಗಾಡಿಯೊಂದನ್ನು ಮುಧೋಳದಿಂದ ಎಳೆದು ತಂದಿದ್ದೇನೆ. ಅದರ ಸೀಟುಗಳನ್ನು ತೊಳೆಯಲು ಕೆಲಸದವನು ಒಪ್ಪಲಿಲ್ಲ, ನಾನೇ ತೊಳೆದೆ.

ಮೊದಲು ಅಳಿಯ ಮಾಂತೇಶನಿಗೆ ಫೋನು ಹಚ್ಚಿದೆ. ಅವನು ಬಾಗಲಕೋಟೆಯಲ್ಲಿ ನೌಕರಿಯ ಮೇಲೆ ಇದ್ದ. "ಈಗ ಅವ್ವ ಫೋನ್ ಮಾಡಿದ್ಲರಿ ಮಾವಾರ. ಊಟಾ ಮುಗಿಸಿ ಹೊಂಟರಂತ. ಯಾಕ್ರಿ?" ಅಂದ. ಏನೂ ಇಲ್ಲ ಅಂದೆ. ಅವನು ಅಷ್ಟು ದೂರದಿಂದ ಏನು ಮಾಡಿಯಾನು.

ಹೊರಟಿದ್ದರು. ಈಗ ನಂದಾ ಒಳಗಿದ್ದಳು.

ನನ್ನ ನಂಬರು ಬ್ಲಾಕಿನಲ್ಲಿತ್ತು. ದಾನಮ್ಮ ಮೊಬೈಲನ್ನು ಮನೆಯಲ್ಲೇ ಇಟ್ಟು ಹೋಗಿದ್ದಳು. ನಂದಾಳದು ಎಷ್ಟು ಸಲ ಹಚ್ಚಿದರೂ ಗಣಗಣ ಅಂದು ಸುಮ್ಮನಾಗುತ್ತಿತ್ತು. ಅಪ್ಪಾಸಾಬ ತನ್ನ ಮೊಬೈಲಿನಿಂದ ವಿಜಯನಿಗೆ ಹಚ್ಚಿದ. ಅವನು ಎತ್ತಿದ. "ಹೇಳ್ರಿ ಅಪ್ಪಾಸಾಬಣ್ಣಾ," ಅನ್ನುವಷ್ಟರಲ್ಲಿ ನಾನು ಮೊಬೈಲ್ ಕಸಿದುಕೊಂಡೆ.

"ಲೇ ಬಾಡ್ಯಾ, ಗಾಡಿ ನಿಲ್ಲಸಲೇ! ಎಲ್ಲಿ ಹೊಂಟಿ, ನಿಲ್ಲಸಂದ್ರ ನಿಲ್ಲಸು..."

"ಅಪ್ಪಾಸಾಬಣ್ಣನ ಫೋನಿನಾಗೂ ಬಂದಿಯೇನು ಕಾಕಾ? ಮನಿಗಿ ಬಂದ ಮ್ಯಾಲೆ ಬೈ," ಅಂದು ಇಟ್ಟುಬಿಟ್ಟ. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಅಪ್ಪಾಸಾಬ ನನ್ನ ಮುಖ ನೋಡಿದ. "ಮೊದಲ ಶಾಫ್ಟಿನ ಮಾತ ಹೇಳಬೇಕಿಲ್ಲೋ. ಬೈಗಳ ಆಮ್ಯಾಲೆ ಬೈಬೇಕಿಲ್ಲ."

ಅವನ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ. ಏನಾಗಿದೆ ಎಂಬುದು ಅವನಿಗೂ ತಿಳಿದುಹೋಗಿತ್ತು. ಕೈ ಬಿಟ್ಟೆ. ಅಂಗಡಿಯ ಬಾಗಿಲನ್ನೂ ಎಳೆಯದೆ ಅವನು ನನ್ನ ಬೈಕಿನ ಹಿಂದೆ ಹತ್ತಿ ಕುಳಿತ.

"ನೀ ಯಾಕ?"

"ಫೋನ್ ಹಚ್ಚಾಕ ಒಬ್ಬ ಬೇಕಲ್ಲ. ನಡಿ."

ಮಹಾಲಿಂಗಪುರ ದಾಟಿದೆವು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೇಲಾಡುತ್ತ ಹೊರಟಿದ್ದವು. ನಾನು ಸಂದಿಯಲ್ಲಿ ತೂರುತ್ತಿದ್ದೆ. ಹಿಂದಿನಿಂದ ಅಪ್ಪಾಸಾಬ ಒಂದು ಕೈಯಲ್ಲಿ ನನ್ನ ಅಂಗಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಚ್ಚುತ್ತ, "ರಿಂಗ್ ಆಗಾಕತ್ತೈತಿ... ಎತ್ತವಲ್ಲಳು..." ಅನ್ನುತ್ತಿದ್ದ. ಅದರ ನಡುವೆ ಏನೋ ಪಠಿಸುತ್ತಿದ್ದ.

ಹಂಪ್ ಬಂದಾಗಲೆಲ್ಲ ಎಣಿಸುತ್ತಿದ್ದೆ. ಈ ರಸ್ತೆಯ ಹಂಪುಗಳೆಲ್ಲ ನನಗೆ ಗೊತ್ತು. ಮಕ್ಕಳ ಸಾಲಿಯ ಮುಂದೆ ಒಂದು, ಗುಡಿಯ ಮುಂದೆ ಒಂದು, ಯಾರದೋ ಮಗು ಸತ್ತಲ್ಲಿ ಊರವರೇ ಮಣ್ಣು ಕಲ್ಲು ಹಾಕಿ ಮಾಡಿದ್ದು ಒಂದು. ಮುಧೋಳದಾಚೆ ಬೀಳಗಿಯ ರಸ್ತೆಯಲ್ಲಿ ಇನ್ನೂ ಕೆಟ್ಟವು. ಅಲ್ಲಿ ಗುಡ್ಡದ ಇಳಿಜಾರೂ ಇದೆ, ಒಂದು ಕಡೆ ಗಟಾರಿನಂಥ ತಗ್ಗು. ಎಷ್ಟು ಹಂಪು ದಾಟಿರಬಹುದು, ಎಷ್ಟು ಸಲ ಶಾಫ್ಟ್ ಹೋಗಿ ಬಡಿದಿರಬಹುದು? ಮುಂಜಾನೆ ಹೋಗುವಾಗ ಮುರಿಯಲಿಲ್ಲ. ಹೋಗುವಾಗ ಮುರಿಯಲಿಲ್ಲ ಅಂದರೆ ಅರ್ಧ ಮುರಿದಿರುತ್ತದೆ. ಬರುವಾಗ ಉಳಿದರ್ಧ.

"ಬಸಗೊಂಡಾ, ಹಂಗ ಆಗೂದಿಲ್ಲೋ."

"ಬಾಯಿ ಮುಚ್ಚು."

"ದೇವರ..."

"ಬಾಯಿ ಮುಚ್ಚಂದೆ."

ಎದುರಿನಿಂದ ಅಂಬುಲೆನ್ಸ್ ಒಂದು ಕೂಗುತ್ತ ಬಂತು. ನಾನು ಬೈಕನ್ನು ರಸ್ತೆಯಿಂದ ಕೆಳಗಿಳಿಸಿ ನಿಂತೆ. ಗಾಜಿನೊಳಗೆ ಯಾರಿದ್ದಾರೆ ಅಂತ ಕತ್ತು ಚಾಚಿದೆ. ಬಿಳಿಯ ಬಟ್ಟೆ ಕಂಡಿತು, ಅಷ್ಟೇ. ಹೋಗಿಬಿಟ್ಟಿತು. ಅಪ್ಪಾಸಾಬ ನನ್ನ ಬೆನ್ನಿನ ಮೇಲೆ ಕೈಯಿಟ್ಟ. "ಅದು ಜಮಖಂಡಿ ಕಡಿ ಹೊಂಟೈತಿ. ನಮ್ಮವರದಾದ್ರ ಮುಧೋಳಕ್ಕ ಒಯ್ಯತಿದ್ರು," ಅಂದ. ಅದು ಸಮಾಧಾನದ ಮಾತೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ.

ರನ್ನ ಬೆಳಗಲಿಯ ಹತ್ತಿರ ನನ್ನ ಜೇಬಿನಲ್ಲಿ ಮೊಬೈಲ್ ನಡುಗಿತು. ನಂದಾ. ಬೈಕನ್ನು ಬಿದ್ದರೆ ಬೀಳಲಿ ಅಂತ ಬಿಟ್ಟು ಎತ್ತಿದೆ.

"ಅಪ್ಪಾ, ಯಾಕ ಇಷ್ಟ ಸಲ ಮಾಡೀದಿ? ಫೋನ್ ಚೀಲದಾಗ ಇತ್ತು. ಹಾಡಿನಾಗ ಕೇಳಸಲಿಲ್ಲ."

ಹಿಂದೆ ಹಾಡು, ಹೆಂಗಸರ ನಗು, ಬಳೆಗಳ ಸಪ್ಪಳ. ಆ ಎಲ್ಲದರ ಕೆಳಗೆ ನಾನು ಕಿವಿ ಹಚ್ಚಿ ಕೇಳಿದೆ. ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್. ಕ್ರಾಸ್ ಸಡಿಲಾದ ಸಪ್ಪಳ. ನಿದ್ದೆಯಲ್ಲಿದ್ದರೂ ನನಗೆ ಅದರ ಗುರುತು ಹತ್ತುತ್ತದೆ.

"ನಂದಾ," ಅಂದೆ. ಕೂಗಬೇಕೆಂದು ಬಾಯಿ ತೆರೆದಿದ್ದೆ. ಅವಳ ಹೊಟ್ಟೆ ನೆನಪಾಯಿತು. "ನಂದಾ, ವಿಜಯಗ ಗಾಡಿ ನಿಲ್ಲಸಂತ ಹೇಳವ್ವ."

ಅವಳು ಅಲ್ಲೇ ಹೇಳಿದ್ದು ಕೇಳಿಸಿತು. "ವಿಜಯಣ್ಣಾ, ಅಪ್ಪಾ ಗಾಡಿ ನಿಲ್ಲಸಂತಾನು." ವಿಜಯನ ದನಿ: "ನಿಲ್ಲಿಸಿ ಬೈಸಿಕೋಬೇಕೇನು? ಮುಂಜಾನಿದು ಇನ್ನೂ ಕರಗಿಲ್ಲ. ಮನಿಗಿ ಬಂದ ಮ್ಯಾಲೆ ಕೇಳತೀನಂತ ಹೇಳು." ಹೆಂಗಸರು ಮತ್ತೆ ನಕ್ಕರು. ಟಕ್.

ಶಾಫ್ಟ್ ಮುರಿಯುತ್ತದೆ ಅಂತ ನಂದಾಳಿಗೆ ಹೇಳಲೇ? ಚೊಚ್ಚಲ ಬಸುರಿ ಗಾಬರಿಯಾಗಿ ಕಿರುಚಿದರೆ? ವಿಜಯ ಒಮ್ಮೆಲೆ ಬ್ರೇಕ್ ಒದ್ದರೆ? ನಾನು ಸಿಟ್ಟಿನಲ್ಲಿ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಈಗ ಕೇಳುವುದಿಲ್ಲ. ದಿನಾ ಬೈದು ಬೈದು ನಾನೇ ಅವರ ಕಿವಿ ಕೆಡಿಸಿದ್ದೆ. ಎದುರಿಗೆ ಅಪ್ಪಾಸಾಬ ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡು ನಿಂತಿದ್ದ.

"ನಂದಾ, ಫೋನ್ ಸ್ಪೀಕರಿಗಿ ಹಾಕು. ವಿಜಯ ಕೇಳಲಿ."

"ಹಾಕೇನಿ ಅಪ್ಪಾ."

"ವಿಜಯಾ," ಅಂದೆ. ದನಿ ನನ್ನದಲ್ಲದ ಹಾಗೆ ಬಂತು. "ನಂದು ತಪ್ಪಾತಪ್ಪ. ಎಲ್ಲಾರ ಮುಂದ ನಿನ್ನ ಬೈದೆ. ಬೈಬಾರದಿತ್ತು. ನಿನಗ ಕೈ ಮುಗೀತೀನಿ."

ಹಾಡು ನಿಂತಿತು. ನಗುವೂ ನಿಂತಿತು. ಆಮೇಲೆ ದಾನಮ್ಮನ ದನಿ ಕೇಳಿತು. "ಅಯ್ಯ ಶಿವನ, ಇವರಿಗೇನಾತ!"

"ಕಾಕಾ?" ವಿಜಯನ ದನಿ ಬದಲಾಗಿತ್ತು. "ಕಾಕಾ, ಎಲ್ಲಿ ಅದಿ? ದವಾಖಾನ್ಯಾಗ ಅದಿಯೇನು? ಹತ್ತರ ಯಾರ ಅದಾರು?"

"ನಾ ಆರಾಮ ಅದೇನಿ. ನನ್ನ ಮಾತ ಕೇಳು. ಗಾಡ್ಯಾಗ ಒಂದ ಸಣ್ಣ ಕೆಲಸ ಉಳದೈತಿ. ಆಕ್ಸಲೇಟರ್ ಮ್ಯಾಲಿಂದ ಕಾಲ ತೆಗಿ. ಬ್ರೇಕ್ ಒದಿಬ್ಯಾಡ. ಗೇರ್ ತೆಗದ ತಾನ ಸಾವಕಾಶ ಆಗಲಿ. ಹಂಪ್ ಇದ್ದರ ಹಾರಸಬ್ಯಾಡ. ನಿಂತಿಂದ ಎಲ್ಲಾರನೂ ಇಳಸು. ತಿಳೀತೇನಪ್ಪ?"

"ತಿಳೀತು ಕಾಕಾ. ಆದ್ರ ಇಲ್ಲಿ ಇಳಕಲ ಐತಿ. ಬೆನ್ನ ಹಿಂದ ಕಬ್ಬಿನ ಟ್ರ್ಯಾಕ್ಟರ್ ಹತ್ಯಾನ. ಸರಿಯಾಕ ಜಾಗಾ ಇಲ್ಲ. ಮುಂದ ಹಂಪ್ ಬ್ಯಾರೆ..."

ಟಕ್ ಅಲ್ಲ, ಈ ಸಲ ದಢ್ ಅಂದಿತು. ಒಬ್ಬಳು ಹೆಂಗಸು ಕೂಗಿದಳು. ಫೋನು ಕಡಿದುಹೋಯಿತು.

ಮತ್ತೆ ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಅಂತ ಹೆಂಗಸೊಬ್ಬಳು ಕನ್ನಡದಲ್ಲೂ ಹೇಳಿದಳು, ಇಂಗ್ಲಿಷಿನಲ್ಲೂ ಹೇಳಿದಳು. ಅಪ್ಪಾಸಾಬ ಹಚ್ಚಿದ. ಅದೇ ಹೆಂಗಸು.

ಬೆಳಗಲಿಯಿಂದ ಮುಧೋಳದವರೆಗಿನ ರಸ್ತೆ ನನಗೆ ನೆನಪಿಲ್ಲ. ಬೈಕು ನಾನೇ ಹೊಡೆದಿರಬೇಕು. ಕೂಗಿದವಳ ದನಿ ಯಾರದು ಎಂಬುದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ. ದಾನಮ್ಮನದಲ್ಲ. ನಂದಾಳದೂ ಅಲ್ಲ ಅನ್ನಿಸುತ್ತಿತ್ತು, ಮರುಕ್ಷಣ ಅವಳದೇ ಅನ್ನಿಸುತ್ತಿತ್ತು. ಚಿಕ್ಕವಳಿದ್ದಾಗ ಬಾವಿಯ ಹತ್ತಿರ ಹಾವು ಕಂಡು ಕೂಗಿದ್ದಳು. ಆ ದನಿಯ ಜೊತೆ ಇದನ್ನು ಹಚ್ಚಿ ನೋಡುತ್ತಿದ್ದೆ.

ಮುಧೋಳ ದಾಟಿ ಬೀಳಗಿಯ ರಸ್ತೆಗೆ ಬಿದ್ದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಜನ ಕಂಡಿತು. ರಸ್ತೆಗೆ ಅಡ್ಡಲಾಗಿ ಜನ. ಬೈಕುಗಳು ನಿಂತಿದ್ದವು. ಯಾರೋ ಕೈ ಬೀಸಿ ಗಾಡಿಗಳನ್ನು ತಡೆಯುತ್ತಿದ್ದ. ನಾನು ಬ್ರೇಕ್ ಹಿಡಿದೆ. ಮುಂದೆ ಹೋಗಲು ಆಗಲಿಲ್ಲ.

"ನಡಿಯೋ," ಅಂದ ಅಪ್ಪಾಸಾಬ.

"ನೀ ಹೋಗಿ ನೋಡಿ ಬಾ."

"ನಾನ?"

"ನನಗ ಆಗೂದಿಲ್ಲೋ. ನೀ ಹೋಗು."

ಅವನು ಧೋತರ ಎತ್ತಿ ಕಟ್ಟಿ ನಡೆದ. ನಾಕು ಹೆಜ್ಜೆ ಹೋಗಿ ತಿರುಗಿ ನೋಡಿದ, ಮತ್ತೆ ನಡೆದ. ಅವನ ಬೋಳು ತಲೆ ಜನರ ನಡುವೆ ಮುಳುಗಿತು. ನಾನು ಬೈಕಿನ ಪೆಟ್ರೋಲ್ ಟಾಕಿಯ ಮೇಲೆ ಹಣೆ ಇಟ್ಟೆ. ಬಿಸಿಲಿಗೆ ಅದು ಸುಡುತ್ತಿತ್ತು, ಆದರೂ ತೆಗೆಯಲಿಲ್ಲ.

"ಕಬ್ಬು!" ಅಂತ ಅವನು ಅಲ್ಲಿಂದಲೇ ಕೂಗಿದ. "ಬಸಗೊಂಡಾ, ಕಬ್ಬೋ! ಟ್ರೇಲರ್ ಬಿದ್ದೈತಿ. ಬರೇ ಕಬ್ಬು!"

ರಸ್ತೆ ತುಂಬ ಕಬ್ಬು ಚೆಲ್ಲಿತ್ತು. ಡ್ರೈವರು ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. ಹೆಂಗಸರಿದ್ದ ಜೀಪು ಬಂತೇನು ಅಂತ ಕೇಳಿದರೆ, "ಜೀಪೇನೂ ಬಂದಿಲ್ಲರಿ. ಆ ಕಡಿಂದ ಒಂದ ಟ್ರ್ಯಾಕ್ಟರ್ ಬಂತು, ಅಷ್ಟ," ಅಂದ. ವಿಜಯನ ಬೆನ್ನ ಹಿಂದೆ ಇದ್ದ ಟ್ರ್ಯಾಕ್ಟರ್ ಇಲ್ಲಿಯವರೆಗೆ ಬಂದಿತ್ತು. ಮುಂದಿದ್ದ ಜೀಪು ಬಂದಿರಲಿಲ್ಲ.

ಕಬ್ಬಿನ ಮೇಲೆಯೇ ಬೈಕು ನೂಕಿಕೊಂಡು ದಾಟಿದೆವು. ಆಮೇಲೆ ಏರು. ಏರಿನ ತಲೆಗೆ ಹೋದರೆ ಎದುರಿನ ಗುಡ್ಡದಿಂದ ಇಳಿದು ಬರುವ ರಸ್ತೆಯೆಲ್ಲ ಕಾಣುತ್ತದೆ. ಅಲ್ಲಿಗೆ ಹೋಗುವವರೆಗೆ ನಾನು ರಸ್ತೆಯ ಪಕ್ಕದ ತಗ್ಗನ್ನೇ ನೋಡುತ್ತ ಹೋದೆ. ಒಂದು ಕಡೆ ಹೂವು ಬಿದ್ದಿತ್ತು, ಮುಡಿಯುವ ಮಾಲೆ. ಅಪ್ಪಾಸಾಬನೂ ನೋಡಿದ.

ಏರಿನ ಆಚೆ, ಎದುರಿನ ಇಳಿಜಾರು ಮುಗಿಯುವಲ್ಲಿ, ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ನಾಲ್ಕೂ ಗಾಲಿಯ ಮೇಲೆ ನಿಂತಿತ್ತು.

ಹೆಂಗಸರು ಬುಟ್ಟಿ ಗಂಟು ಇಳಿಸಿಕೊಂಡು ನೆರಳಿಗೆ ಕುಳಿತಿದ್ದರು. ಒಬ್ಬೊಬ್ಬರದೇ ಮುಖ ನೋಡಿದೆ. ನಂದಾ ಹಸಿರು ಸೀರೆಯಲ್ಲಿ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ತಲೆಯಲ್ಲಿ ಮಾಲೆ ಹಾಗೇ ಇತ್ತು, ದಾರಿಯಲ್ಲಿ ಬಿದ್ದದ್ದು ಬೇರೆ ಯಾರದೋ. ನನ್ನನ್ನು ನೋಡಿ ಎದ್ದಳು. ದಾನಮ್ಮ ಓಡಿ ಬಂದು ನನ್ನ ತೋಳು ಹಿಡಿದಳು.

"ಏನಾಗೈತ್ರೀ ನಿಮಗ? ತಪ್ಪಾತು ಅಂತೀರಿ, ಕೈ ಮುಗೀತೀನಿ ಅಂತೀರಿ. ಎದಿ ಗಿದಿ ನೋಯತೈತೇನು? ನಮ್ಮ ಜೀವಾನ ಹಾರಿಹೋಗಿತ್ತು. ಇಲ್ಲಿ ಫೋನೂ ಹತ್ತವಲ್ದು."

ಅವರು ನನಗಾಗಿ ಅಂಜಿದ್ದರು. ತಮಗೇನಾಗುತ್ತಿತ್ತು ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಏನೂ ಇಲ್ಲ ಅಂದೆ. ವಿಜಯ ನೆಲ ನೋಡುತ್ತ ನಿಂತಿದ್ದ. "ಗೇರ್ ತೆಗದ ಹಂಗ ಇಳಿಸಿದೆ ಕಾಕಾ. ಹಂಪಿನ ಮ್ಯಾಲೆ ಜೋರ ಹೊಡೀತು. ಹಿಂದಿನ ಟ್ರ್ಯಾಕ್ಟರ್ ದಾಟಿ ಹೋದ ಮ್ಯಾಲೆ ಇಲ್ಲಿ ಬಂದ ತಾನ ನಿಂತತು," ಅಂದ.

ಗಾಲಿಗಳಿಗೆ ಕಲ್ಲು ಕೊಟ್ಟು ನಾನು ಕೆಳಗೆ ತೂರಿದೆ. ಗೇರ್ ಬಾಕ್ಸಿನ ಬಾಲ ಉದ್ದಕ್ಕೆ ಸೀಳಿತ್ತು, ಎಣ್ಣೆ ಹನಿಯುತ್ತಿತ್ತು. ಕ್ರಾಸನ್ನು ಹಿಡಿಯುವ ಬಟ್ಟಲುಗಳಲ್ಲಿ ಒಂದು ಬಿದ್ದುಹೋಗಿತ್ತು. ಎದುರಿನ ಬಟ್ಟಲು ಅರ್ಧ ಹೊರಗೆ ಬಂದು ಒಂದು ಅಂಚಿನಲ್ಲಿ ನಿಂತಿತ್ತು. ನಾನು ಕೈಯಿಂದ ಶಾಫ್ಟನ್ನು ತುಸು ತಿರುಗಿಸಿದೆ, ಅಷ್ಟೇ. ಅದು ಕಳಚಿ ನನ್ನ ಎದೆಯ ಮೇಲೆ ಬಿತ್ತು.

ಬಿಸಿಯಾಗಿತ್ತು. ಎತ್ತಿ ಪಕ್ಕಕ್ಕೆ ಇಡದೆ ಹಾಗೇ ಹಿಡಿದುಕೊಂಡು ಮಲಗಿದೆ. ವಿಜಯ ಬಗ್ಗಿ ನೋಡಿದ. ಶಾಫ್ಟ್ ನೋಡಿದ, ಸೀಳು ನೋಡಿದ, ಇಳಿದು ಬಂದ ಇಳಿಜಾರಿನ ಕಡೆ ನೋಡಿದ. ಎದ್ದು ಮರದ ಹಿಂದೆ ಹೋದ. ವಾಂತಿ ಮಾಡಿಕೊಳ್ಳುವ ಸಪ್ಪಳ ಕೇಳಿಸಿತು. ಹೆಂಗಸರು, "ಹೋಳಿಗಿ ಭಾಳ ತಿಂದಾನ," ಅಂತ ನಕ್ಕರು.

ನಂದಾಳ ಪಾದಗಳು ಗಾಡಿಯ ಪಕ್ಕಕ್ಕೆ ಬಂದು ನಿಂತವು. ಬಾತ ಕಾಲು, ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು.

"ಅಪ್ಪಾ, ಭಾಳ ಕೆಟ್ಟೈತೇನು?"

"ಇಲ್ಲವ್ವ. ಒಂದ ಬೋಲ್ಟು."

"ಮತ್ತ ಹೊರಗ ಬಾ ಅಲ್ಲ."

"ಬರತೀನಿ. ತುಸು ತಡಿ."

ಬಹಳ ಹೊತ್ತು ನಾನು ಹೊರಗೆ ಬರಲಿಲ್ಲ. ಅಪ್ಪಾಸಾಬ ಇನ್ನೊಂದು ಕಡೆಯಿಂದ ಕೆಳಗೆ ತೂರಿ ನನ್ನ ಪಕ್ಕ ಮಲಗಿದ. ಧೋತರದ ಮಾತು ಎತ್ತಲಿಲ್ಲ. ನನ್ನ ಎದೆಯ ಮೇಲಿನ ಕಬ್ಬಿಣವನ್ನು ಎರಡೂ ಕೈಯಿಂದ ಎತ್ತಿ ಬದಿಗಿಟ್ಟ.

ಬೀಳಗಿಯಿಂದ ಮುಧೋಳಕ್ಕೆ ಹೋಗುವ ಬಸ್ಸು ಬಂತು. ಕೈ ಮಾಡಿ ನಿಲ್ಲಿಸಿದೆ. ಹೆಂಗಸರು ಬುಟ್ಟಿ ಸಮೇತ ಹತ್ತತೊಡಗಿದರು. ನಂದಾ ಮೆಟ್ಟಿಲ ಮೇಲೆ ಕಾಲಿಟ್ಟಳು. ರಸ್ತೆಯ ಮೇಲೆ ಮೊಣಕಾಲೂರಿ, ಕೈ ಊರಿ, ಬಸ್ಸಿನ ಕೆಳಗೆ ತಲೆ ಹಾಕಿದೆ. ಧೂಳು ಮೆತ್ತಿದ ದಪ್ಪ ಶಾಫ್ಟ್. ಕ್ರಾಸ್ ಸರಿಯಿತ್ತು. ಬೋಲ್ಟುಗಳು ಸರಿಯಿದ್ದವು. ಮತ್ತೊಮ್ಮೆ ನೋಡಿದೆ.

"ಏನ್ ಯಜಮಾನ್ರ, ಕೆಳಗ ಏನ ಕಳಕೊಂಡೀರಿ?" ಅಂತ ಕಂಡಕ್ಟರ್ ಬಾಗಿಲಿನಿಂದ ಕೇಳಿದ. ಬಸ್ಸಿನೊಳಗಿನ ಜನ ಕಿಟಕಿಯಿಂದ ಇಣುಕುತ್ತಿದ್ದರು.

"ಏನಿಲ್ಲರಿ. ಒಳಗ ಬಸರ ಹೆಂಗಸ ಅದಾಳು. ಡ್ರೈವರ್ ಸಾಹೇಬ್ರಿಗಿ ಸಾವಕಾಶ ಹೋಗ ಅನ್ರಿ."

"ಹೋಗತೀವ್ರಿ. ಮೊದಲ ನೀವ ಗಾಲಿ ಬಿಟ್ಟ ಏಳ್ರಿ."

ವಿಜಯನನ್ನು ಜೀಪಿನ ಹತ್ತಿರ ಬಿಟ್ಟು ನಾನು, ಅಪ್ಪಾಸಾಬ ಬಸ್ಸಿನ ಹಿಂದೆ ಹೊರಟೆವು. ಚೆಲ್ಲಿದ ಕಬ್ಬನ್ನು ಅಷ್ಟರಲ್ಲಿ ಬದಿಗೆ ಸರಿಸಿದ್ದರು. ದಾಟಿ ಮುಂದೆ ಹೋಗಲು ಎಷ್ಟೋ ಕಡೆ ಜಾಗವಿತ್ತು. ಹೋಗಲಿಲ್ಲ. ಬಸ್ಸಿನ ಹೊಗೆ ಮೂಗಿಗೆ ಹೊಡೆಯುತ್ತಿತ್ತು, ಹಿಂದಿನಿಂದ ಅಪ್ಪಾಸಾಬ ಕೆಮ್ಮುತ್ತಿದ್ದ. ಮುಧೋಳ ಸಮೀಪಿಸಿದಾಗ ಸಾಲಿಯ ಮುಂದಿನ ಹಂಪ್ ಬಂತು. ಬಸ್ಸಿನ ಹಿಂಭಾಗ ಮೇಲೆದ್ದು ದಢಾರನೆ ಕುಳಿತಿತು. ನನ್ನ ಕೈ ತಾನೇ ಬ್ರೇಕ್ ಹಿಡಿಯಿತು. ಬೈಕು ನಿಂತೇಹೋಯಿತು. ಬಸ್ಸು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಅದು ತಿರುವು ದಾಟುವವರೆಗೆ ಕಿವಿ ಹಚ್ಚಿ ಕೇಳುತ್ತ ನಿಂತೆ.